ಸೋತು ಸೋತು ಸ್ಕೂಲು ಕಟ್ಟಿಸಿದ ಅತ್ತೆ

ನಮ್ಮ ಅತ್ತೆಯಷ್ಟು ಚುನಾವಣೆ ಸೋತವರು ಇಡೀ ತಾಲ್ಲೂಕಿನಲ್ಲಿ ಇನ್ನೊಬ್ಬರಿದ್ದರೆ ಕರೆದುಕೊಂಡು ಬನ್ನಿ, ನಾನೇ ಎದುರು ನಿಂತು ಹಾರ ಹಾಕುತ್ತೇನೆ! ಹಾಗೆಂದು ಅವರು ಎಂ.ಎಲ್.ಎ. ಆಗಲು ಹೊರಟವರೆಂದು ತಿಳಿಯಬೇಡಿ. ಪಂಚಾಯ್ತಿ ಮೆಂಬರಾಗಲೂ ನಿಂತವರಲ್ಲ. ಅವರ ಚುನಾವಣೆಗಳೆಲ್ಲ ನಡೆಯುತ್ತಿದ್ದುದು ಅಡಿಗೆಮನೆಯಲ್ಲಿ, ಜಗುಲಿಯ ಮೇಲೆ, ರೇಷ್ಮೆಹುಳ ಸಾಕುವ ಮನೆಯಲ್ಲಿ, ಒಮ್ಮೊಮ್ಮೆ ಕನಕಪುರದ ಬಸ್ಸಿನಲ್ಲಿ. ಯಾವುದೇ ವಿಷಯ ಬರಲಿ, ಸುತ್ತ ನಾಲ್ಕು ಜನ ಇದ್ದರೆ ಸಾಕು, ಅತ್ತೆ ಸೆರಗು ಸಿಕ್ಕಿಸಿಕೊಂಡು "ಎಲ್ಲಿ, ಕೈ ಎತ್ರಪ್ಪ" ಎನ್ನುತ್ತಿದ್ದರು. ಎತ್ತಿದ ಕೈಗಳು ಯಾವತ್ತೂ ಅವರ ಕಡೆಗಿರುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಈ ಅತ್ತೆ ನಮ್ಮಪ್ಪನ ಅಕ್ಕ. ಮರಳವಾಡಿ ಕಡೆಯ ನಮ್ಮ ಪುಟ್ಟ ಊರಿನಲ್ಲೇ ಹುಟ್ಟಿ, ಅದೇ ಊರಿಗೆ ಸೊಸೆಯಾದವರು. ತವರಿಗೂ ಗಂಡನ ಮನೆಗೂ ನಡುವೆ ಇದ್ದದ್ದು ಒಂದು ಹೊಂಗೆಮರ ಅಷ್ಟೆ. ಮಕ್ಕಳಿರಲಿಲ್ಲ. ಮಾವ ತೀರಿಕೊಂಡ ಮೇಲೆ ಮಲಗುವುದು ತಮ್ಮ ಮನೆಯಲ್ಲಿ, ಉಳಿದದ್ದೆಲ್ಲ ನಮ್ಮ ಮನೆಯಲ್ಲಿ ಎಂದಾಯಿತು. ಬೆಳಗ್ಗೆ ಬಂದವರೇ ಮೊದಲ ಚುನಾವಣೆ ಶುರು ಮಾಡುತ್ತಿದ್ದರು.

"ಇವತ್ತು ಬಸ್ಸಾರೋ ಉಪ್ಸಾರೋ? ಬಸ್ಸಾರು ಅನ್ನೋರು ಕೈ ಎತ್ರಪ್ಪ."

ಅತ್ತೆಗೆ ಬಸ್ಸಾರೆಂದರೆ ಪ್ರಾಣ. ಅವರ ಒಂದು ಕೈ ಮೇಲೆ ಹೋಗುತ್ತಿತ್ತು. ಅಪ್ಪ, ಅಮ್ಮ, ಅಜ್ಜಿ ಮೂರೂ ಜನ ಉಪ್ಸಾರಿಗೆ ಎತ್ತುತ್ತಿದ್ದರು. ನಾನು ಯಾವ ಕಡೆ ಎತ್ತಿದರೂ ಫಲಿತಾಂಶ ಅದೇ. "ಆಯ್ತು ಬುಡಿ, ಜನ ಹೇಳ್ದಂಗೆ" ಎಂದು ಅತ್ತೆ ಎದ್ದು, ತಾವೇ ಉಪ್ಸಾರಿನ ಖಾರ ರುಬ್ಬಲು ಕೂರುತ್ತಿದ್ದರು. ಬಾಯಲ್ಲಿ ಒಂದು ಮಾತಿಲ್ಲ, ಮುಖದಲ್ಲಿ ಸಿಟ್ಟಿಲ್ಲ. ಆದರೆ ಆ ಒರಳುಕಲ್ಲು ಆಡುತ್ತಿದ್ದ ಮಾತು ಮೂರನೇ ಮನೆಗೆ ಕೇಳಿಸುತ್ತಿತ್ತು!

ನಮ್ಮ ದೊಡ್ಡಪ್ಪನ ಮಗಳನ್ನು ನೋಡಲು ಕೂಟಗಲ್ ಕಡೆಯಿಂದ ಗಂಡಿನವರು ಬಂದಿದ್ದರು. ಉಪ್ಪಿಟ್ಟು ಮುಗಿದು, ಕಾಫಿ ಮುಗಿದು, ಇನ್ನು ಮಾತು ಹೇಗೆ ತೆಗೆಯುವುದೆಂದು ಹಿರಿಯರೆಲ್ಲ ಗಂಟಲು ಸರಿಮಾಡಿಕೊಳ್ಳುತ್ತಿರುವಾಗ ಅತ್ತೆ ನಡುಮನೆಗೆ ಬಂದು ನಿಂತರು. "ಸುಮ್ನೆ ಯಾಕೆ ಹೊತ್ತು ಕಳೀತೀರಾ? ಈ ಸಂಬಂಧ ಆಗ್ಲಿ ಅನ್ನೋರು ಕೈ ಎತ್ರಪ್ಪ!" ಎಂದೇಬಿಟ್ಟರು. ದೊಡ್ಡಪ್ಪನ ಮುಖ ನೋಡಬೇಕಿತ್ತು. ಗಂಡಿನ ತಂದೆ ಎಲೆ ಅಡಿಕೆ ನುಂಗಿಬಿಟ್ಟರು. ಆದರೆ ಮದುವೆ ಗಂಡು ಇದ್ದನಲ್ಲ, ಪುಣ್ಯಾತ್ಮ, ಎರಡೂ ಕೈ ಎತ್ತಿದ!

"ಒಬ್ರಿಗೆ ಒಂದೇ ಕೈ ಕಣಪ್ಪ, ಒಂದನ್ನ ಇಳಿಸು" ಎಂದರು ಅತ್ತೆ. ಆಮೇಲೆ ಅಡಿಗೆಮನೆಯ ಕಡೆ ತಿರುಗಿ, "ಹುಡ್ಗೀದೆಲ್ಲಿ? ಬಾಳೋಳು ಅವಳಲ್ವಾ?" ಎಂದು ಕೂಗಿದರು. ಬಾಗಿಲ ಸಂದಿಯಿಂದ ಬಳೆ ತೊಟ್ಟ ಒಂದು ಕೈ ಮೆಲ್ಲಗೆ ಹೊರಗೆ ಬಂತು. ಎಲ್ಲರೂ ನಗುತ್ತ ಕೈ ಎತ್ತಿದರು, ಸಂಬಂಧ ಕುದುರಿತು. ಕೈ ಎತ್ತದೆ ಉಳಿದವರು ಇಡೀ ಮನೆಯಲ್ಲಿ ಅತ್ತೆ ಒಬ್ಬರೇ, ಹುಡುಗನ ಮೂಗು ಒಸಿ ಉದ್ದವಾಯಿತಂತೆ! ಹಾಗಂತ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿದವರೂ ಅವರೇ.

ಇನ್ನು ಬಸ್ಸಿನ ಕಥೆ. ಯಾರೋ ಹೆಂಗಸು ತರಕಾರಿ ಬುಟ್ಟಿ ಹೊತ್ತು ದೂರದಿಂದ ಓಡಿ ಬರುತ್ತಿದ್ದಳು. ಡ್ರೈವರು ಹೊರಡಲು ಗೇರು ಹಾಕಿದ. ಅತ್ತೆ ಎದ್ದು ನಿಂತು, ನಿಲ್ಲಿಸಬೇಕೋ ಬೇಡವೋ ಎಂದು ಬಸ್ಸಿನಲ್ಲೇ ಕೈ ಎತ್ತಿಸಿದರು. "ಏನಮ್ಮೋ, ನಂದೂ ಒಂದು ವೋಟು ಹಾಕ್ಕೊಳ್ಳಿ" ಎಂದ ಡ್ರೈವರು. "ನಿನ್ನ ಕೈಯಿ ಸ್ಟೇರಿಂಗ್ ಮೇಲಿರ್ಬೇಕು ಕಣಪ್ಪ, ಮೇಲಕ್ಕೆತ್ತಬೇಡ!" ಎಂದರು ಅತ್ತೆ. ಇದನ್ನೆಲ್ಲ ಎಣಿಸುವ ಹೊತ್ತಿಗೆ ಆ ಹೆಂಗಸು ಬಂದು, ಹತ್ತಿ, ಸೀಟು ಹಿಡಿದು ಕೂತಾಗಿತ್ತು.

ನಗುವ ಮಾತು ಇಷ್ಟಕ್ಕೆ ನಿಲ್ಲಿಸಿ ನನ್ನ ವಿಷಯಕ್ಕೆ ಬರುತ್ತೇನೆ. ಹೊಸ ಶತಮಾನದ ಮೊದಮೊದಲ ವರ್ಷಗಳು. ಹಾರೋಹಳ್ಳಿ ಕಡೆಯಿಂದ ಫ್ಯಾಕ್ಟರಿಗಳು ಒಂದೊಂದಾಗಿ ನಮ್ಮೂರಿನತ್ತ ಸರಿದು ಬರುತ್ತಿದ್ದವು. ಎತ್ತಿನಗಾಡಿ ಓಡಾಡುತ್ತಿದ್ದ ರಸ್ತೆ ಅಗಲವಾಗಿ, ಕಬ್ಬಿಣ ಹೊತ್ತ ಲಾರಿಗಳು ಹಗಲೆಲ್ಲ ಹರಿದಾಡುತ್ತಿದ್ದವು. ನಾನು ಊರಿನ ಸರ್ಕಾರಿ ಸ್ಕೂಲಿನಲ್ಲಿ ಮೂರನೇ ಕ್ಲಾಸು. ಸ್ಕೂಲೆಂದರೆ ಹೆಂಚು ಹೊದಿಸಿದ ಒಂದು ಹಳೇ ಕಟ್ಟಡ, ಎಲ್ಲ ಕ್ಲಾಸಿಗೂ ಸೇರಿ ಒಬ್ಬರೇ ಮೇಷ್ಟ್ರು. ಒಂದು ದಿನ ನಾವೆಲ್ಲ ಮಗ್ಗಿ ಒಪ್ಪಿಸುತ್ತ "ಏಳೆಂಟ್ಲೆ" ಎಂದು ಕೂಗಿದೆವು. ಉತ್ತರ ಹೇಳುವ ಮೊದಲೇ ಮೇಲಿಂದ ಹೆಂಚು ಬಿತ್ತು! ಪುಣ್ಯಕ್ಕೆ ಯಾರ ತಲೆಯ ಮೇಲೂ ಬೀಳಲಿಲ್ಲ. ಅಂದಿನಿಂದ ಪಾಠ ಹೊಂಗೆಮರದ ಕೆಳಗೆ.

ಇಲಾಖೆಯವರು ಬಂದು, ತೊಲೆಗೆ ಹುಳ ಹಿಡಿದದ್ದು ನೋಡಿ, ಬೀಗ ಹಾಕಿಸಿ ಹೋದರು. ಮುಂದಿನ ಜೂನ್ ಹೊತ್ತಿಗೆ ಊರಲ್ಲಿ ಹೊಸ ಕೊಠಡಿ ಎದ್ದರೆ ಸರಿ, ಇಲ್ಲದಿದ್ದರೆ ಮಕ್ಕಳೆಲ್ಲ ಮೇನ್ ರೋಡಿನ ಆಚೆಯ ಊರಿನ ಸ್ಕೂಲಿಗೆ ಹೋಗಬೇಕು ಎಂದರು. ನಮ್ಮಮ್ಮ ಅದನ್ನು ಕೇಳಿ ಒಂದೇ ಮಾತಿನಲ್ಲಿ ಮುಗಿಸಿದಳು. "ಆ ಲಾರಿ ಮಧ್ಯೆ ಕೂಸ್ನ ದಾಟುಸ್ಲಾ? ಕಲ್ತಿದ್ದು ಸಾಕು. ಮನೇಲೇ ಹುಳ ನೋಡ್ಕಂಡಿರ್ಲಿ."

ಅತ್ತೆ ಬಿಡುತ್ತಾರೆಯೇ? ಆ ಸಂಜೆಯೇ ನಮ್ಮ ಜಗುಲಿಯ ಮೇಲೆ ಚುನಾವಣೆ! "ಈ ಕೂಸು ಆಚೆ ಊರ್ಗೆ ಹೋಗಿ ಓದ್ಲಿ ಅನ್ನೋರು ಕೈ ಎತ್ರಪ್ಪ." ಅತ್ತೆ ಎತ್ತಿದರು, ನಾನೂ ಎತ್ತಿದೆ. ಅಜ್ಜಿ ನನ್ನ ಕೈ ಹಿಡಿದು ಇಳಿಸಿ, "ಚಿಕ್ಕುಡುಗೀಗೆಲ್ಲ ಎಂಥ ವೋಟು?" ಎಂದರು. "ಓದೋಳು ಅವಳು, ಅವಳ್ಗೇ ಇಲ್ದಿದ್ರೆ ಇನ್ನಾರ್ಗವ್ವ ವೋಟು?" ಎಂದು ಅತ್ತೆ ನನ್ನ ಕೈಯನ್ನು ಮತ್ತೆ ಮೇಲಕ್ಕೆತ್ತಿದರು. ಎತ್ತಿದರೇನು, ಅಪ್ಪ, ಅಮ್ಮ, ಅಜ್ಜಿ ಒಂದು ಕಡೆ. ಎಂದಿನಂತೆ ಸೋತೆವು. ನಾನು ಗೋಡೆಗೆ ಮುಖ ಮಾಡಿಕೊಂಡು ಅಳುತ್ತಿದ್ದಾಗ ಅತ್ತೆ ಪಕ್ಕದಲ್ಲಿ ಬಂದು ಕೂತರು.

"ಜನ ಹೇಳ್ದಂಗೆ ಕಣ್ ಮಗ. ನೀನು ರೋಡು ದಾಟಂಗಿಲ್ಲ. ಅಂದ್ಮೇಲೆ ಸ್ಕೂಲೇ ಈ ಕಡೆ ಎದ್ದೇಳ್ಬೇಕು, ಅಷ್ಟೆಯಾ. ಅಳಬೇಡ, ಮೂಗು ಒರೆಸ್ಕೊ."

ಆ ವರ್ಷ ಫ್ಯಾಕ್ಟರಿಯ ತೆರಿಗೆ ಬಂದು ಪಂಚಾಯ್ತಿಯ ಕೈಯಲ್ಲಿ ಒಂದಿಷ್ಟು ಕಾಸಾಡುತ್ತಿತ್ತು. ನಮ್ಮೂರ ಪಾಲಿಗೆ ಬಂದದ್ದರಲ್ಲಿ ಒಂದು ಕೆಲಸ ಮಾಡಬಹುದು, ಏನೆಂದು ಗ್ರಾಮಸಭೆಯಲ್ಲಿ ಊರವರೇ ತೀರ್ಮಾನಿಸಬೇಕು ಎಂದಾಯಿತು. ಸ್ಕೂಲು ಕಟ್ಟಿಸೋಣ ಎಂದು ಅತ್ತೆ ಮನೆಮನೆಗೆ ಹೇಳಿಬಂದರು. ಆದರೆ ಊರಿನ ಮೆಂಬರ್ ಮಾವನಿಗೆ ಬೇಕಾಗಿದ್ದುದು ಕಮಾನು. ಊರ ಬಾಗಿಲಿಗೆ ಎರಡು ಕಂಬ, ಮೇಲೊಂದು ಅಡ್ಡ ತೊಲೆ, ಅದರ ಮೇಲೆ ಸಿಮೆಂಟಿನ ಎರಡು ಸಿಂಹ. ಪಕ್ಕದೂರಲ್ಲಿ ಎದ್ದಿದೆ, ನಮ್ಮೂರಲ್ಲಿ ಇಲ್ಲ. ಇದಕ್ಕಿಂತ ಅವಮಾನ ಉಂಟೇ?

ಈ ಮೆಂಬರ್ ಮಾವ ಬೇರೆ ಯಾರೂ ಅಲ್ಲ, ಅತ್ತೆಯ ಸ್ವಂತ ಮೈದುನ. ಅವರ ಕಮಾನಿನ ಹುಚ್ಚಿಗೆ ಇನ್ನೊಂದು ಕಾರಣವೂ ಇತ್ತು. ಊರಿಗೆ ಕರೆಂಟು ತರಿಸಲು ರಾಮನಗರ, ಬೆಂಗಳೂರು ಎಂದು ಚಪ್ಪಲಿ ಸವೆಸಿದವರು ಅವರ ಅಣ್ಣ, ಅಂದರೆ ತೀರಿಹೋದ ನಮ್ಮ ಮಾವ. ಕಮಾನಿಗೆ ಅವರದೇ ಹೆಸರು! "ಅತ್ಗೆಮ್ಮ, ಅಣ್ಣನ ಹೆಸ್ರನ್ನ ಮಾರುದ್ದ ಅಕ್ಷರದಾಗೆ ಬರುಸ್ತೀನಿ. ಹೋಗೋ ಬರೋ ಲಾರಿಯವ್ರೆಲ್ಲ ಓದ್ಕಂಡು ಹೋಗ್ಬೇಕು" ಎಂದು ಮೆಂಬರ್ ಮಾವ ಅತ್ತೆಯ ಮುಂದೆ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು. ಪ್ರತಿ ಸಂಜೆ ಗಂಡನ ಫೋಟೋದ ಮುಂದೆ ದೀಪ ಹಚ್ಚಿ, ಊರ ಸುದ್ದಿಯನ್ನೆಲ್ಲ ಅದಕ್ಕೆ ವರದಿ ಒಪ್ಪಿಸುತ್ತಿದ್ದ ಹೆಂಗಸು ನಮ್ಮ ಅತ್ತೆ. ಅವತ್ತು ಮಾತ್ರ ಎದ್ದು ಒಳಗೆ ಹೋದರು. ಯಾರನ್ನೂ ಕೈ ಎತ್ತಿ ಎಂದು ಕೇಳಲಿಲ್ಲ.

ಗ್ರಾಮಸಭೆ ಸೇರಿತು. "ಕಮಾನು ಬೇಕು ಅನ್ನೋರು ಕೈ ಎತ್ರಿ" ಎಂದರು ಪಂಚಾಯ್ತಿ ಸೆಕ್ರೆಟರಿ. ಎಲ್ಲರೂ ಎತ್ತಿದರು! ಸೆಕ್ರೆಟರಿಗೆ ಖುಷಿಯಾಯಿತು. ಆದರೂ ನಿಯಮಕ್ಕೆಂದು, "ಸ್ಕೂಲು ಬೇಕು ಅನ್ನೋರು?" ಎಂದರು. ಎಲ್ಲರೂ ಮತ್ತೆ ಎತ್ತಿದರು! ಏನು ಮಾಡುತ್ತಾರೆ ಪಾಪ? ನಮ್ಮೂರಲ್ಲಿ ಒಬ್ಬರಿಗೊಬ್ಬರು ಬೀಗರು, ಭಾವಮೈದಂದಿರು, ಷಡ್ಡಕರು. ಕಮಾನಿಗೆ ಎತ್ತದಿದ್ದರೆ ಮೆಂಬರಿಗೆ ಬೇಜಾರು, ಸ್ಕೂಲಿಗೆ ಎತ್ತದಿದ್ದರೆ ಅತ್ತೆಗೆ ಬೇಜಾರು. ನಾಳೆ ಬೆಳಗ್ಗೆ ಒಂದೇ ಬೋರ್‌ವೆಲ್ಲಿನ ಮುಂದೆ ಮುಖ ನೋಡಬೇಕಲ್ಲ! ಸೆಕ್ರೆಟರಿ ತಲೆಯ ಮೇಲೆ ಕೈ ಹೊತ್ತು, "ಇರೋ ದುಡ್ಡಲ್ಲಿ ಎರಡೂ ಆಗಲ್ಲ ಕಣ್ರಪ್ಪ" ಎಂದರು.

ಆಗ ಎದ್ದು ನಿಂತರು ಅತ್ತೆ. "ಎದುರೆದುರ್ಗೆ ಆಗಲ್ಲ. ಗುಟ್ಟಾಗಿ ಹಾಕ್ಬೇಕು" ಎಂದರು. ಗುಟ್ಟಾಗಿ ಎಂದರೆ ಹೇಗೆ? ಊರಲ್ಲಿ ಓದಲು ಬಾರದವರೇ ಹೆಚ್ಚು. ಅದಕ್ಕೂ ಅತ್ತೆಯ ಬಳಿ ಉತ್ತರವಿತ್ತು. ನಮ್ಮೂರಲ್ಲಿ ರೇಷ್ಮೆ ಬೆಳೆಯದ ಮನೆಯಿಲ್ಲ, ಗೂಡಿಗೆ ಬರವಿಲ್ಲ. ಹಳದಿ ಗೂಡು ಹಾಕಿದರೆ ಸ್ಕೂಲು, ಬಿಳಿ ಗೂಡು ಹಾಕಿದರೆ ಕಮಾನು! ಮಾರಮ್ಮನ ಗುಡಿಯೊಳಗೆ ಸೀರೆಯ ಪರದೆ ಕಟ್ಟಿ, ಎರಡು ಮೊರದಲ್ಲಿ ಎರಡು ಬಣ್ಣದ ಗೂಡು ಇಟ್ಟು, ನಡುವೆ ಮಣ್ಣಿನ ಒಂದು ದೊಡ್ಡ ಗುಡಾಣ ಇಟ್ಟರು. ಒಬ್ಬೊಬ್ಬರೇ ಒಳಗೆ ಹೋಗಿ, ಒಂದು ಗೂಡು ಗುಡಾಣಕ್ಕೆ ಹಾಕಿ ಬರುವುದು. ಹಾಗೆ ಹೊರಗೆ ಬಂದವರಲ್ಲಿ ಒಂದಿಬ್ಬರ ಜೇಬು ಉಬ್ಬಿತ್ತು, ಅದನ್ನು ಬಿಡಿ, ರೇಷ್ಮೆಗೆ ಒಳ್ಳೇ ರೇಟಿದ್ದ ಕಾಲ.

ಎಲ್ಲ ಮುಗಿದು ಗುಡಾಣದ ಬಾಯಿಗೆ ಬಟ್ಟೆ ಕಟ್ಟಿ, ಗುಡಿಗೆ ಬೀಗ ಹಾಕಿದರು. ಎಣಿಕೆ ಸೆಕ್ರೆಟರಿಯ ಎದುರಿಗೇ ಆಗಬೇಕೆಂದು ಮೆಂಬರ್ ಮಾವ ಹಟ ಹಿಡಿದರು. ಸೆಕ್ರೆಟರಿಯೋ, ನಾದಿನಿಯ ಮದುವೆಗೆಂದು ಮಾಗಡಿಗೆ ಹೋದವರು ಬೀಗರೂಟ ಎಲ್ಲ ಮುಗಿಸಿಕೊಂಡು, ವಾರ ಹತ್ತು ದಿನ ಬಿಟ್ಟು ನಿಧಾನವಾಗಿ ಬಂದರು. ಊರೆಲ್ಲ ಸೇರಿತು. ಬೀಗ ತೆಗೆದು, ಗುಡಾಣ ಹೊರಗೆ ತಂದು, ಬಟ್ಟೆ ಬಿಚ್ಚಿದರು.

ಒಳಗಿಂದ ಪಟಪಟ ರೆಕ್ಕೆ ಬಡಿಯುತ್ತ ಚಿಟ್ಟೆಗಳು ಹತ್ತಿ ಬಂದವು!

ನೋಡಿ, ಹುಟ್ಟಿದಂದಿನಿಂದ ರೇಷ್ಮೆಹುಳದ ಜೊತೆ ಮಲಗಿ ಎದ್ದ ಜನ ನಾವು. ಗೂಡನ್ನು ಕೂಡಲೇ ಮಾರುಕಟ್ಟೆಗೆ ಸಾಗಿಸದಿದ್ದರೆ ಚಿಟ್ಟೆ ಕೊರೆದು ಹೊರಗೆ ಬರುತ್ತದೆ ಎಂದು ನಮ್ಮೂರಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಆದರೆ ವೋಟಾದ ಮೇಲೆ ಅದು ಗೂಡು ಎಂಬುದನ್ನೇ ಇಡೀ ಊರು ಮರೆತಿತ್ತು! ಎಲ್ಲ ಗೂಡಿಗೂ ತೂತು. ಚಿಟ್ಟೆ ಹೊರಬರುವಾಗ ಬಿಟ್ಟ ಕಂದು ನೀರಿನಿಂದ ಬಿಳಿಯದು ಹಳದಿಯಾಗಿ, ಹಳದಿಯದು ಟೀ ಬಣ್ಣಕ್ಕೆ ತಿರುಗಿ, ಯಾವುದು ಸ್ಕೂಲು, ಯಾವುದು ಕಮಾನು ಎಂದು ಆ ಮಾರಮ್ಮನೇ ಹೇಳಬೇಕಿತ್ತು. "ಇದು ಬಿಳೀದು, ಬಣ್ಣ ಕೆಟ್ಟೈತೆ ಅಷ್ಟೆ" ಎಂದು ಒಬ್ಬ. "ಏ ಹೋಗ್ಲಾ, ಹಳದಿ ಎದ್ದು ಕಾಣ್ತೈತೆ, ಕಣ್ಣಿಲ್ವೇನ್ಲಾ ನಿಂಗೆ?" ಎಂದು ಇನ್ನೊಬ್ಬ. ಗುಡಾಣದೊಳಗೆ ಬಗ್ಗಿ ನೋಡಿದ ಮೂರನೆಯವನು, "ಲೇ, ವೋಟೆಲ್ಲ ಮೊಟ್ಟೆ ಇಟ್ಟವೆ ಕಣ್ರಲಾ! ಅದ್ನೂ ಎಣಿಸ್ಬೇಕಾ?" ಎಂದು ಕೂಗಿದ. ಸೆಕ್ರೆಟರಿ ಮದುವೆಯ ಹೊಸ ಅಂಗಿಗೆ ಹತ್ತಿದ ಚಿಟ್ಟೆಯನ್ನು ಕೊಡವಿಕೊಂಡು, "ಈ ಚುನಾವಣೆ ರದ್ದು" ಎಂದರು.

ಊರೆಲ್ಲ ಹೊಟ್ಟೆ ಹಿಡಿದು ನಗುತ್ತಿತ್ತು. ನಾನು ನಗಲಿಲ್ಲ. ಬೇಸಿಗೆ ಹತ್ತಿರ ಬರುತ್ತಿತ್ತು, ಹೊಸ ಕೊಠಡಿಗೆ ಒಂದು ಗುದ್ದಲಿಯೂ ಬಿದ್ದಿರಲಿಲ್ಲ. ಮನೆಯಲ್ಲಿ ಅಮ್ಮ ಆಗಲೇ ನನಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುವುದನ್ನು ಕಲಿಸಲು ಶುರು ಮಾಡಿದ್ದಳು. ಅತ್ತೆಯ ಮುಖ ನೋಡಿದೆ. ಅವರೂ ನಗುತ್ತಿರಲಿಲ್ಲ.

"ಇನ್ನೊಂದು ಕಿತ ಕೇಳಿ ಸ್ವಾಮಿ" ಎಂದರು ಸೆಕ್ರೆಟರಿಗೆ. "ಈಗ್ಲೇ, ಇಲ್ಲೇ. ಒಬ್ರಿಗೆ ಒಂದೇ ಕೈ, ಒಂದೇ ಸಲ. ಮೊದ್ಲು ಸ್ಕೂಲು ಕೇಳಿ."

ಸೆಕ್ರೆಟರಿ ಕೇಳಿದರು. ನಗು ನಿಂತಿತು. ಒಂದು ಕೈಯೂ ಮೇಲೇಳಲಿಲ್ಲ. ಗಂಡಸರು ಮೆಂಬರ್ ಮಾವನನ್ನು ನೋಡಿದರು, ಹೆಂಗಸರು ನೆಲ ನೋಡಿದರು. ಆಮೇಲೆ ಎಲ್ಲರೂ ಅತ್ತೆಯನ್ನೇ ನೋಡತೊಡಗಿದರು. ಕಮಾನಿನ ಮೇಲೆ ಕೂರುವುದು ಅವರ ಗಂಡನ ಹೆಸರು ತಾನೆ?

ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಬಲಗೈ ಎತ್ತಿದರು. ಎಡಗೈಯಿಂದ ಬಲಗೈಯ ಮೊಣಕೈಗೆ ಆಸರೆ ಕೊಟ್ಟುಕೊಂಡು ಹಾಗೇ ನಿಂತರು.

"ಅತ್ಗೆಮ್ಮ! ಅಣ್ಣನ ಹೆಸ್ರು..." ಎಂದರು ಮೆಂಬರ್ ಮಾವ.

"ಗೊತ್ತು ಕಣಪ್ಪ. ಕಬ್ಬಾಳಮ್ಮನಾಣೆ, ನಂಗೂ ಆಸೆ ಐತೆ. ಇಲ್ಲ ಅಂದ್ರೆ ಸುಳ್ಳಾಯ್ತದೆ. ಆದ್ರೆ ಮಕ್ಳೆಲ್ಲ ಹುಳದ ಮನೆ ಸೇರ್ಕಂಡ್ರೆ, ಆ ಕಮಾನ್ ಕೆಳಗೆ ಹಾದು ಯಾವ ಸ್ಕೂಲ್ಗೆ ಹೋದಾವು? ನೀನೇ ಹೇಳು."

ಹೆಂಗಸರ ಗುಂಪಿನಲ್ಲಿ ಮೊದಲು ಎದ್ದ ಕೈ ಯಾರದು ಗೊತ್ತೇ? ನಮ್ಮಮ್ಮನದು! ಅದರ ಹಿಂದೆ ಅಜ್ಜಿಯದು. ಆಮೇಲೆ ಹೆಂಗಸರೆಲ್ಲ, ಅವರ ಹಿಂದೆ ಅವರ ಗಂಡಂದಿರು. ಕೊನೆಗೆ ಮೆಂಬರ್ ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಅತ್ಗೇನೇ ಎತ್ತಿದ್ಮೇಲೆ ನಂದೇನೈತೆ ಬುಡಿ" ಎಂದು ತಾವೂ ಎತ್ತಿದರು. ಗೆದ್ದು ಅಭ್ಯಾಸವಿಲ್ಲದ ಅತ್ತೆಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಎತ್ತಿದ ಕೈ ಇಳಿಸುವುದನ್ನೂ ಮರೆತು, ಸೋತಾಗ ಹೇಳುವಂತೆಯೇ "ಆಯ್ತು ಬುಡಿ, ಜನ ಹೇಳ್ದಂಗೆ" ಎಂದರು.

ಮನೆಗೆ ನಡೆದು ಬರುವಾಗ ನಾನು ಕೇಳಿದೆ. "ಅತ್ತೆ, ಮಾವನ ಹೆಸ್ರು ಹೋಯ್ತಲ್ಲ? ಬೇಜಾರಿಲ್ವಾ?"

"ಬರೆಸಿದ್ರೂ ಓದಕ್ಕೆ ನಂಗೆಲ್ಲಿ ಬತ್ತದೆ ಮಗ?" ಎಂದು ನಕ್ಕು, ನನ್ನ ಜಡೆ ಎಳೆದು ಮುಂದೆ ನಡೆದುಬಿಟ್ಟರು.

ಅವರು ನಗುತ್ತಲೇ ಹೇಳಿದ್ದು. ನನಗೆ ಮಾತ್ರ ಆ ಮಾತು ಬೇಸಿಗೆಯುದ್ದಕ್ಕೂ ಮನಸ್ಸಿನಿಂದ ಹೋಗಲಿಲ್ಲ.

ಜೂನ್ ಹೊತ್ತಿಗೆ ಎರಡು ಕೊಠಡಿ ಎದ್ದವು. ಮೆಂಬರ್ ಮಾವ ಮುಂದೆ ನಿಂತು, ಸಿಮೆಂಟಿಗೆ ನೀರು ಹಾಕಿಸಿ, ಮೇಸ್ತ್ರಿಯ ಪ್ರಾಣ ತಿಂದು ಕಟ್ಟಿಸಿದರು. ಮೊದಲ ದಿನ ಊರೆಲ್ಲ ಬಂದು ನೋಡಿ ಹೋಯಿತು. ಅತ್ತೆ ಮಾತ್ರ ಎಲ್ಲರೂ ಹೋದ ಮೇಲೆ ಬಂದು ಬಾಗಿಲಲ್ಲಿ ನಿಂತರು. ಮೇಷ್ಟ್ರು ಇನ್ನೂ ಹೊರಗೆ ಯಾರೊಂದಿಗೋ ಮಾತಾಡುತ್ತಿದ್ದರು. ನಾನು ಎದ್ದು ಹೋಗಿ, ಹೊಸ ಬೋರ್ಡಿನ ಮೇಲೆ, ಕೈ ಎಟುಕುವಷ್ಟು ಎತ್ತರಕ್ಕೆ, ನನಗೆ ಬಂದಷ್ಟು ದುಂಡಗೆ ಮಾವನ ಪೂರ್ತಿ ಹೆಸರು ಬರೆದೆ. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಗಟ್ಟಿಯಾಗಿ ಓದಿದೆ.

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಕಡೆಯ ಹಳೇ ಹೆಂಗಸರಿಗೆ ಇರಲಿಲ್ಲ. ಅಷ್ಟು ವರ್ಷ ಸಂಸಾರ ಮಾಡಿ ಅತ್ತೆ ಆ ಹೆಸರನ್ನು ನುಡಿದವರಲ್ಲ. ಅಕ್ಷರದಲ್ಲಿ ಕಣ್ಣಿಂದಲೂ ಕಂಡವರಲ್ಲ. ಈಗ ಒಳಗೆ ಬಂದರು. ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದರು.

"ಇಷ್ಟುದ್ದ ಇತ್ತಾ ಮಗ, ಅವ್ರ ಹೆಸ್ರು?" ಎಂದರು.

ಇವತ್ತು ನಾನು ಓದುವ ಪ್ರತಿ ಅಕ್ಷರ ನನ್ನ ಅತ್ತೆ ಕೊಟ್ಟದ್ದು. ಆದರೆ ಅವರಿಗೆ ನಾನು ತಿರುಗಿ ಕೊಡಲು ಆದದ್ದು ಆ ಒಂದು ಹೆಸರು ಮಾತ್ರ. ಅಷ್ಟರಲ್ಲಿ ಮೇಷ್ಟ್ರು ಒಳಗೆ ಬಂದು, ಪಾಠ ಶುರು ಮಾಡಲು ಡಸ್ಟರು ತೆಗೆದುಕೊಂಡರು. ಅತ್ತೆ ಅವರ ಕಡೆ ತಿರುಗಿ, ನಾನು ಅದುವರೆಗೆ ಕೇಳಿರದಷ್ಟು ಮೆಲ್ಲಗೆ, "ಒಸಿ ಹೊತ್ತು ಇರ್ಲಿ ಬುಡಿ ಮೇಷ್ಟ್ರೇ" ಎಂದರು.

ಮೇಷ್ಟ್ರು ಬೋರ್ಡು ನೋಡಿದರು, ಅತ್ತೆಯನ್ನು ನೋಡಿದರು, ಡಸ್ಟರನ್ನು ಕೆಳಗಿಟ್ಟರು. ಅವತ್ತು ಸಂಜೆಯವರೆಗೂ ನಮಗೆ ಪಾಠವೆಲ್ಲ ಬಾಯಲ್ಲೇ ನಡೆಯಿತು.